ವಿದುರ ಹೇಳಿದ ಕಥಿ ಸಭಾದಾಗ ಯಾರಿಗೂ ಯಾಕ ಕೇಳಿಸ್ಲಿಲ್ಲ

ದ್ರೌಪದಿನ ಸಭಾಕ್ಕ ಎಳಕೊಂಡ ಬಂದಾಗ ಅಲ್ಲಿ ಕೂತವರೊಳಗ ಧರ್ಮ ಅಂದ್ರೇನು ಅಂತ ಓದಿಲ್ಲದವ್ರು, ಕೇಳಿಲ್ಲದವ್ರು ಯಾರೂ ಇರ್ಲಿಲ್ಲ. ಭೀಷ್ಮ ಇದ್ದ, ದ್ರೋಣ ಇದ್ದ, ಕೃಪ ಇದ್ದ, ವಿದುರ ಇದ್ದ, ದೇಶದೇಶದ ರಾಜರು ಕೂತಿದ್ರು. ಆಕಿ ಕೇಳಿದ್ದು ಒಂದ ಪ್ರಶ್ನೆ. ಧರ್ಮರಾಯ ಮೊದ್ಲು ತನ್ನನ್ನ ಸೋತನೋ, ನನ್ನನ್ನ ಸೋತನೋ? ತಾನೇ ಸೋತು ದಾಸ ಆದಾಂವಗ ನನ್ನ ಪಣಕ್ಕ ಇಡೋ ಅಧಿಕಾರ ಎಲ್ಲಿಂದ ಬಂತು? ಕೇಳಾಕ ಇದು ಕಾನೂನಿನ ಪ್ರಶ್ನೆ ಇದ್ದಂಗ ಐತಿ, ಆದ್ರ ಅದಕ್ಕ ಬಂದ ಉತ್ತರ ಒಂದೊಂದೂ ಆ ಉತ್ತರ ಕೊಟ್ಟಾಂವ ಎಂಥಾ ಮನುಷ್ಯಾ ಅನ್ನೋದನ್ನ ತೋರಿಸಿಬಿಡ್ತೈತಿ.

ಭೀಷ್ಮ ಅಂದ, ಧರ್ಮ ಭಾಳ ಸೂಕ್ಷ್ಮ ಐತಿ, ತನ್ನದಂತ ಏನೂ ಇಲ್ಲದಾಂವ ಇನ್ನೊಬ್ಬರದನ್ನ ಪಣಕ್ಕ ಇಡಾಕ ಬರಂಗಿಲ್ಲ, ಆದ್ರ ಹೆಂಡ್ತಿ ಗಂಡನ ಅಧೀನ ಅಂತನೂ ಹೇಳ್ತಾರ, ಹಿಂಗಾಗಿ ನಿನ್ನ ಪ್ರಶ್ನೆ ಬಿಡಿಸಾಕ ನನ್ನ ಕಡೆ ಆಗವಲ್ದು. ವಿಕರ್ಣ ಎದ್ದ ನಿಂತ, ದುರ್ಯೋಧನನ ಖಾಸ ತಮ್ಮ, ವಯಸ್ಸಿನ್ಯಾಗ ಸಣ್ಣಾಂವ. ಅಂವ ಹೇಳಿದ್ದು ಸಾಫ್ ಇತ್ತು: ಜೂಜಿನ ಚಟದಾಗ ಮುಳುಗಿದ ರಾಜ ಮಾಡಿದ್ದನ್ನ ಮಾಡಿದ್ದು ಅನ್ನಬಾರ್ದು, ಈಕಿ ಒಬ್ಬಾಂವನ ಹೆಂಡ್ತಿ ಅಲ್ಲ ಐದೂ ಮಂದಿದು, ಧರ್ಮರಾಯ ಮೊದ್ಲ ತನ್ನನ್ನ ತಾನು ಸೋತಿದ್ದ, ಮ್ಯಾಲೆ ಈಕಿನ ಪಣಕ್ಕ ಇಡು ಅಂತ ಎಬ್ಬಿಸಿದಾಂವ ಶಕುನಿ, ಹಂಗಾಗಿ ಈಕಿ ಸೋತಿಲ್ಲ. ಕರ್ಣಗ ಸಿಟ್ಟ ಬಂತು. ಸರ್ವಸ್ವ ಇಟ್ಟ ಅಂದ್ಮ್ಯಾಲೆ ಅದರಾಗ ಈಕಿನೂ ಬಂದ್ಳು ಅಂದ, ಐದು ಮಂದಿ ಗಂಡಂದಿರು ಇರೋ ಹೆಣ್ಣಿಗೆ ಎಂಥಾ ಮಾನ ಅಂದ, ಅರಿವಿ ಸೆಳೀರಿ ಅಂದ. ಅವನೂ ಶಾಸ್ತ್ರ ಹಿಡಕೊಂಡೇ ಮಾತಾಡಿದ್ದು.

ಆಮ್ಯಾಲೆ ವಿದುರ ಒಂದ ಕಥಿ ಹೇಳ್ತಾನ. ಭಾಳ ಮಂದಿ ಈ ಭಾಗ ದಾಟಿ ಮುಂದ ಹೋಗಿಬಿಡ್ತಾರ, ಯಾಕಂದ್ರ ಸೀರಿ ಸೆಳೆಯೋ ಪ್ರಸಂಗ ಅಷ್ಟ ದೊಡ್ಡದು, ಅದರ ಬಾಜೂಕ ಇದು ಕಣ್ಣಿಗೆ ಬೀಳಂಗಿಲ್ಲ. ಪ್ರಹ್ಲಾದನ ಮಗ ವಿರೋಚನಗೂ ಅಂಗಿರಸನ ಮಗ ಸುಧನ್ವಗೂ ಒಬ್ಬ ಕನ್ಯಾನ ಸಲುವಾಗಿ ಜಗಳ ಆತು, ಇಬ್ಬರೊಳಗ ಯಾರು ಹೆಚ್ಚು ಅಂತ ಪ್ರಾಣಾನೇ ಪಣಕ್ಕ ಇಟ್ಟು ಪ್ರಹ್ಲಾದನ ಹಂತೇಕ ನ್ಯಾಯ ಕೇಳಾಕ ಬಂದ್ರು. ಒಂದ ಕಡೆ ಸ್ವಂತ ಮಗ, ಅದೂ ಅವನ ಜೀವದ ಪ್ರಶ್ನೆ. ಪ್ರಹ್ಲಾದ ಕಶ್ಯಪನ್ನ ಕೇಳ್ತಾನ, ಗೊತ್ತಿದ್ದೂ ಸುಮ್ಮನ ಕೂತಾಂವಗ, ಸುಳ್ಳ ಹೇಳಿದಾಂವಗ ಏನಾಗ್ತೈತಿ ಅಂತ. ಕಶ್ಯಪ ಹೇಳ್ತಾನ, ಅಧರ್ಮದ ಬಾಣ ನಾಟಿಸಿಕೊಂಡ ಧರ್ಮ ಸಭಾಕ್ಕ ಬಂದು ನಿಂತಾಗ ಆ ಬಾಣ ಕಿತ್ತು ತಗೀಲಾರದ ಸಭಾಸದರಿಗೇ ಅದು ನಾಟ್ತೈತಿ ಅಂತ. ಪ್ರಹ್ಲಾದ ಮಗನ ವಿರುದ್ಧ ತೀರ್ಪ ಕೊಟ್ಟ. ಅದನ್ನ ನೋಡಿ ಸುಧನ್ವನ ಮನಸ್ಸು ಕರಗಿ ವಿರೋಚನನ್ನ ಉಳಿಸಿದ.

ಇಷ್ಟ ನೇರ ಕಥಿ. ಅದೇ ಸಭಾಕ್ಕ, ಅದೇ ಹೊತ್ತಿಗೆ, ಅಲ್ಲಿ ಕೂತ ಅಪ್ಪಗ, ಅಲ್ಲಿ ಕೂತ ಮಗನ ಬಗ್ಗೆ ಹೇಳಿದ್ದು. ಮುಂದಿನ ಸಾಲಿನ್ಯಾಗ ವ್ಯಾಸರು ಬರದಿದ್ದು ಇಷ್ಟ: ವಿದುರನ ಮಾತ ಕೇಳಿ ರಾಜರು ಏನೂ ಮಾತಾಡ್ಲಿಲ್ಲ, ಕರ್ಣ ದುಶ್ಶಾಸನಗ ಈ ದಾಸಿನ ಮನಿಯೊಳಗ ಕರಕೊಂಡ ಹೋಗು ಅಂದ.

ಈ ಒಂದ ಸಾಲು ನನ್ನ ಭಾಳ ದಿವಸದಿಂದ ಹಿಡಕೊಂಡ ಕೂತೈತಿ. ನಾವು ಏನ ತಿಳಕೊಂಡೇವಿ ಅಂದ್ರ ಪುರಾಣ ಕೇಳಿದ್ರ ಮನುಷ್ಯಾ ಸುಧಾರಿಸ್ತಾನ, ಕಥಿ ಹೇಳಿದ್ರ ಮನಸ್ಸು ತಿದ್ದತೈತಿ, ಅದಕ್ಕ ಹುಡುಗರಿಗೆ ರಾಮಾಯಣ ಮಹಾಭಾರತ ಹೇಳ್ಬೇಕು ಅಂತ. ಹೇಳ್ಬೇಕು, ಬ್ಯಾಡ ಅನ್ನವಲ್ಲೆ. ಆದ್ರ ಮಹಾಭಾರತನೇ ತನ್ನ ನಟ್ಟ ನಡುವ ಒಂದ ಕಥಿ ಹೇಳಿಸಿ, ಅದು ಪೂರ್ತಿ ಸೋತಿದ್ದನ್ನೂ ಬರದಿಟ್ಟೈತಿ. ಕಥಿಯೊಳಗ ಕೊರತಿ ಇರ್ಲಿಲ್ಲ, ಹೇಳಿದಾಂವನೊಳಗ ಕೊರತಿ ಇರ್ಲಿಲ್ಲ. ಕೇಳೋರ ಒಳಗ ಅದು ಹೋಗಿ ಕೂಡಾಕ ಜಾಗಾನೇ ಇರ್ಲಿಲ್ಲ.

ಭೀಷ್ಮಂದು ಯಾಕ ಹಂಗಾತು ಅಂತ ಅವನೇ ಮುಂದ ಹೇಳ್ಯಾನ. ಯುದ್ಧ ಶುರು ಆಗೋ ಮೊದ್ಲ ಧರ್ಮರಾಯ ಕವಚ ಬಿಚ್ಚಿಟ್ಟು ನಡಕೋತ ಬಂದು ಆಶೀರ್ವಾದ ಕೇಳ್ದಾಗ, ಮನುಷ್ಯಾ ಅರ್ಥಕ್ಕ ದಾಸ, ಅರ್ಥ ಯಾರಿಗೂ ದಾಸ ಅಲ್ಲ, ಕೌರವರು ನನ್ನ ಅದರಿಂದನ ಕಟ್ಟಿಹಾಕ್ಯಾರ ಅಂತಾನ. ದ್ರೋಣನೂ ಅದನ್ನೇ ಅಂತಾನ, ಕೃಪನೂ, ಶಲ್ಯನೂ. ಈ ಮಾತ ತಿಳಕೊಂಡು ಹಿಂದ ಸಭಾಪರ್ವಕ್ಕ ಹೋಗಿ ಧರ್ಮ ಸೂಕ್ಷ್ಮ ಐತಿ ಅನ್ನೋ ಮಾತ ಮತ್ತೊಮ್ಮೆ ಓದಿ ನೋಡ್ರಿ. ಧರ್ಮ ಸೂಕ್ಷ್ಮ ಇರೋದು ಖರೇನ. ಆದ್ರ ಆವತ್ತ ಅದು ಸೂಕ್ಷ್ಮ ಕಂಡಿದ್ದು ಜೋಳದ ಪಾಳಿ, ಅಂದ್ರ ಉಂಡ ಅನ್ನದ ಋಣ, ಕಣ್ಣಿಗೆ ಅಡ್ಡ ಬಂದಿದ್ದಕ್ಕ. ಅಂಥಾ ದೊಡ್ಡ ಮನುಷ್ಯಾಗ ಹಂಗಾತು ಅಂದ್ರ, ಪಗಾರ ಕೊಡೋರು, ಮನಿತನ, ಜಾತಿ, ಪಾರ್ಟಿ, ಮಠ ಇವೆಲ್ಲಾದರ ಋಣದಾಗ ಇರೋ ನಮ್ಮ ಓದು ಎಷ್ಟ ಸ್ವಚ್ಛ ಇದ್ದೀತು?

ಇನ್ನ ವಿದುರ ಮತ್ತ ಕರ್ಣ. ಇವರಿಬ್ಬರನ್ನ ಬಾಜೂಕ ಬಾಜೂಕ ಇಟ್ಟು ನೋಡ್ಬೇಕು ಅಂತ ನನಗ ಅನಿಸಿದ್ದು ಗದಗಿನ ವೀರನಾರಾಯಣ ಗುಡಿಯೊಳಗ ಗಮಕ ಕೇಳಾಕ ಕೂತಾಗ. ನಮ್ಮ ಕೋಳಿವಾಡದ ಕವಿ ಕುಮಾರವ್ಯಾಸ ಅಲ್ಲೇ ಕಂಬಕ್ಕ ಆತು ಕೂತು ಭಾರತ ಬರದ ಅಂತ ನಮ್ಮ ಕಡೆ ಎಲ್ಲಾರೂ ನಂಬ್ತಾರ, ಹಸಿ ಅರಿವಿ ಆರೋತನಕ ಬರೀತಿದ್ದ ಅಂತ ಹಿರೇರು ಹೇಳ್ತಾರ, ಆ ಕಂಬಾನ ಇವತ್ತಿಗೂ ತೋರಸ್ತಾರ. ಗಮಕದಾಗ ಒಬ್ರು ಪದ್ಯ ಹಾಡ್ತಾರ, ಇನ್ನೊಬ್ರು ಅರ್ಥ ಹೇಳ್ತಾರ, ಹಿಂಗಾಗಿ ಪದ್ಯಕ್ಕೂ ಕೇಳೋರಿಗೂ ನಡುವ ಇನ್ನೊಂದ ಮನಸ್ಸು ಕೂತಿರ್ತೈತಿ ಅನ್ನೋದು ಕಣ್ಣಿಗೇ ಕಾಣ್ತೈತಿ, ಓದಿಕೊಂಡು ಕೂತಾಗ ಅದು ಮರತ ಹೋಗ್ತೈತಿ. ಅವತ್ತ ವ್ಯಾಖ್ಯಾನ ಮಾಡಾಕತ್ತವ್ರು ಸಭಾಪರ್ವದಾಗ ಕರ್ಣ ಆಡಿದ ಮಾತನ್ನ ಎರಡ ಮಾತಿನ್ಯಾಗ ಮುಗಿಸಿ, ಅಂವನ ದಾನದ ಬಗ್ಗೆ ಮಾತಾಡ್ಕೋತ ಹೋದ್ರು. ಕೂತವರಿಗೂ ಅದೇ ಬೇಕಾಗಿತ್ತು.

ನಮ್ಮ ಮಂದಿಗೆ ಕರ್ಣ ಅಂದ್ರ ಜೀವ. ದೊಡ್ಡಾಟದಾಗ ಕರ್ಣನ ಪಾತ್ರ ಬಂತಂದ್ರ ಬೆಳತನ ನಿದ್ದಿಗೆಟ್ಟು ಕೂತ ಗಂಡಸರು ಕಣ್ಣ ಒರಸ್ಕೋತಾರ, ಕೃಷ್ಣ ರಾಜ್ಯದ ಆಸೆ ತೋರಿಸಿದ್ರೂ ಗೆಳ್ಯಾನ್ನ ಬಿಡಲಾರದ್ದನ್ನ ನೋಡಿ. ಕುಲ ಕೇಳಿ ಅಪಮಾನ ಮಾಡಿಸಿಕೊಂಡವ್ರು, ಕೂಲಿ ಮಾಡಿ ಓದಿದವ್ರು, ನೀ ಯಾರ ಮಗ ಅಂತ ಕೇಳಿಸಿಕೊಂಡವ್ರು ಅವನೊಳಗ ತಮ್ಮನ್ನ ನೋಡ್ತಾರ. ಆ ಕಣ್ಣೀರು ಖರೆ ಕಣ್ಣೀರು, ಅದರಾಗ ಒಂದ ದೊಡ್ಡ ನ್ಯಾಯ ಐತಿ. ಸೋಸಿದ ಮನಸ್ಸಿನವ್ರು ಅಷ್ಟ ಪುರಾಣ ಓದ್ಬೇಕು ಅಂತ ಹೇಳೋದು ಅನ್ಯಾಯ ಆಗ್ತೈತಿ, ಗಾಯ ಆದವರಿಗೆ ಕಾಣೋದು ಗಾಯ ಆಗಲಾರದವರಿಗೆ ಕಾಣಂಗಿಲ್ಲ.

ಆದ್ರ ವಿದುರ ಯಾರು? ಅಂಬಿಕಾ ತಾ ಹೋಗಲಾರದ ವ್ಯಾಸರ ಹಂತೇಕ ತನ್ನ ದಾಸಿನ ಕಳಿಸಿದ್ಳು, ಆ ದಾಸಿ ಮಗ ಅಂವ. ಅಣ್ಣಂದಿರ ಸರಿಸಮ ಬುದ್ಧಿ ಇದ್ರೂ, ಅವರಕಿಂತ ಹೆಚ್ಚೇ ಇದ್ರೂ, ರಾಜ ಆಗೋ ಪ್ರಶ್ನೆನೇ ಬರ್ಲಿಲ್ಲ. ಹುಟ್ಟಿನ ಗಾಯ ಅಂವಗೂ ಇತ್ತು, ಜೀವನ ಪೂರ್ತಿ ಇತ್ತು. ಆವತ್ತ ಸಭಾದಾಗ ದ್ರೌಪದಿಗೆ ದಾಸಿ ದಾಸಿ ಅಂತ ಕೂಗಾಕತ್ತಾಗ ಆ ಮಾತ ಅಲ್ಲಿ ಕೂತ ಎಷ್ಟ ಹಿರೇರಿಗೆ ನಾಟಿದ್ದೀತು? ಹಡದ ತಾಯಿಗೆ ಮಂದಿ ಅನ್ನೋ ಮಾತ ಅದು, ವಿದುರಗ. ದುರ್ಯೋಧನ ಮೊದ್ಲ ಅವನಿಗೇ ಹೇಳಿದ್ದು, ಹೋಗಿ ಆಕಿನ ಕರಕೊಂಡ ಬಾ, ಕಸಾ ಹೊಡೀಲಿ ಅಂತ. ಅಂವ ಒಪ್ಪಲಿಲ್ಲ. ಹಿರೇರೊಳಗ ಕಡೀತನಕ ಗಟ್ಟ್ಯಾಗಿ ಬಾಯಿ ಬಿಚ್ಚಿ ಇದು ತಪ್ಪು ಅಂದಾಂವ ದಾಸಿಯ ಮಗ ಅನ್ನೋದು ನನಗ ಸುಮ್ಮನ ಆಗಿದ್ದು ಅನಿಸಂಗಿಲ್ಲ.

ಅಂದ್ರ ಒಂದೇ ಥರದ ನೋವು ಇಬ್ಬರಿಗೂ. ಶಸ್ತ್ರವಿದ್ಯಾ ತೋರಿಸೋ ರಂಗದಾಗ ಎಲ್ಲಾರ ಮುಂದ ಕುಲ ಕೇಳಿಸಿಕೊಂಡು ತಲಿ ತಗ್ಗಿಸಿದ ಹುಡುಗ, ದೊಡ್ಡಾಂವ ಆದ್ಮ್ಯಾಲೆ ಎಲ್ಲಾರ ಮುಂದ ಒಬ್ಬ ಹೆಣ್ಣಮಗಳ ಮಾನ ಕೇಳಿದ. ಇನ್ನೊಬ್ಬಾಂವ ಅದೇ ನೋವನ್ನ ಒಳಗ ಇಟಗೊಂಡು, ಇನ್ನೊಬ್ಬರಿಗೆ ಆಗೋದನ್ನ ನೋಡೋ ಕಣ್ಣ ಮಾಡ್ಕೊಂಡ. ನೋವು ತಾನಾಗಿ ಯಾರನ್ನೂ ಒಳ್ಳೆಯವರನ್ನ ಮಾಡಂಗಿಲ್ಲ. ಅದನ್ನ ದಿನಾ ದಿನಾ ಏನ ಮಾಡ್ಕೋತ ಬಂದ್ವಿ, ಯಾರ ಕೂಡ ಕೂತ್ವಿ, ಯಾರ ಹೊಗಳಿಕಿ ಬೇಕಾಗಿತ್ತು, ಎಲ್ಲೆಲ್ಲಿ ಸುಮ್ಮನಾದ್ವಿ, ಇದರ ಮ್ಯಾಲೆ ನಿಲ್ತೈತಿ. ಕರ್ಣಗೂ ಇದು ಕಡೀಗೆ ತಿಳದಿತ್ತು. ಉದ್ಯೋಗಪರ್ವದಾಗ ಕೃಷ್ಣನ ಮುಂದ ಅಂತಾನ, ದುರ್ಯೋಧನನ್ನ ಖುಷಿ ಮಾಡಾಕ ನಾ ಪಾಂಡವರಿಗೆ ಕಟುಮಾತ ಆಡಿದೆ, ಅದಕ್ಕ ಈಗ ಬೇಯಾಕತ್ತೇನಿ ಅಂತ. ಕರ್ಣನ್ನ ಪ್ರೀತಿ ಮಾಡೋರು ಈ ಮಾತನ್ನೂ ಹಾಡ್ಬೇಕು. ಅಂವನ್ನ ಖರೇನ ಪ್ರೀತಿ ಮಾಡಿದ್ರ ಅಂವ ಪಶ್ಚಾತ್ತಾಪ ಪಟ್ಟಿದ್ದನ್ನ ನಾವು ಮುಚ್ಚಿ ಹಾಕಬಾರ್ದು.

ಈ ಮಾತೆಲ್ಲಾ ಸಾವಿರಾರು ವರ್ಷದ ಹಿಂದಿಂದು ಅನಿಸಿದ್ರ, ನಮ್ಮ ಬಳಗದಾಗಿನ ಒಂದ ಮಾತ ಹೇಳ್ತೀನಿ. ಹೊಲದ ಪಾಲಿನ ವಿಷಯ. ನಮ್ಮ ಕಡೆ ಇದು ಮನಿಮನಿ ಕಥಿ, ಅಪ್ಪ ತೀರಕೊಂಡ ಮ್ಯಾಲೆ ಉತಾರದಾಗ, ಅಂದ್ರ ಹೊಲದ ಪಹಣಿಯೊಳಗ, ಎಲ್ಲಾರ ಹೆಸರು ಬರ್ತೈತಿ, ಆಮ್ಯಾಲೆ ಅಕ್ಕತಂಗೇರನ್ನ ಕರಿಸಿ ಸಬ್ ರಜಿಸ್ಟ್ರಾರ್ ಆಫೀಸಿಗೆ ಕರಕೊಂಡ ಹೋಗಿ ಹಕ್ಕ ಬಿಟ್ಟ ಕಾಗದಕ್ಕ ಸಹಿ ಮಾಡಿಸಿ, ಒಂದ ಸೀರಿ ಉಡಿಸಿ ಉಡಿ ತುಂಬಿ ಕಳಸ್ತಾರ. ಕರ್ನಾಟಕದಾಗ 1994ರಾಗ, ದೇಶಕ್ಕೆಲ್ಲಾ 2005ರಾಗ ಪಿತ್ರಾರ್ಜಿತ ಆಸ್ತಿಯೊಳಗ ಹೆಣ್ಣಮಕ್ಕಳಿಗೂ ಸಮಪಾಲು ಅಂತ ಕಾಯ್ದೆ ಆಗೇತಿ, ಆದ್ರ ಕಾಯ್ದೆದ ಮುಂದ ತವರಮನಿ ಬಾಗ್ಲಾ ನಿಲ್ಲತೈತಿ, ಅದನ್ನ ಮುಚ್ಚಿಬಿಡ್ತಾರ ಅನ್ನೋ ಅಂಜಿಕಿ. ನಮ್ಮ ಸಂಬಂಧದಾಗ ಒಬ್ಬಾಕಿ ಅಕ್ಕ, ಗಂಡಗ ಆರಾಮ ಇರ್ಲಿಲ್ಲ, ಎರಡ ಹುಡುಗರು, ಸಹಿ ಮಾಡಾಕ ಒಲ್ಲೆ ಅಂದ್ಳು. ಮನ್ಯಾಗ ಹಿರೇರನ್ನ ಕೂಡಿಸಿದ್ರು. ಬಂದಿದ್ದ ಹಿರೇರೊಬ್ರು, ವರ್ಷಾ ಶ್ರಾವಣದಾಗ ಪುರಾಣ ತಪ್ಪಿಸಲಾರದವ್ರು, ರಾಮಾಯಣ ತಗದ್ರು.

"ನೋಡವಾ ತಂಗಿ, ಭರತ ಇಡೀ ರಾಜ್ಯಾನ ಬ್ಯಾಡ ಅಂದ. ನೀ ಎರಡ ಎಕರೆ ಬಿಡಾಕ ಇಷ್ಟ ಯಾಕ ಹಟ ಮಾಡ್ತಿ?"

ಅಕ್ಕ ದನಿ ಏರಿಸ್ಲಿಲ್ಲ. "ಭರತ ಬಿಟ್ಟಿದ್ದು ತನ್ನ ಕೈಗೆ ಬಂದಿದ್ದನ್ನ ರೀ ದೊಡ್ಡಪ್ಪಾರ. ಅಣ್ಣಗ ನೀ ಬಿಡು ಅಂತ ಹೇಳಾಕ ಹೋಗಿರ್ಲಿಲ್ಲ ಅಂವ."

ಯಾರೂ ಮಾತಾಡ್ಲಿಲ್ಲ. ಆಕಿ ಸಾಲಿ ಏಳನೇತ್ತೆಗೆ ಬಿಟ್ಟಾಕಿ, ಆ ಹಿರೇರು ರಾಮಾಯಣ ಎಷ್ಟ ಸಲ ಕೇಳ್ಯಾರೋ ಅಷ್ಟ ಸಲ ಆಕಿ ಕೇಳಿರ್ಲಿಕ್ಕಿಲ್ಲ. ಆದ್ರ ಯಾರು ಬಿಟ್ರು, ಯಾರ ಸಲುವಾಗಿ ಬಿಟ್ರು ಅನ್ನೋದು ಆಕಿಗೆ ಸರಿಯಾಗಿ ನೆನಪಿತ್ತು. ನಾ ಆವತ್ತಿನಿಂದ ಪುರಾಣದ ಅರ್ಥ ಯಾರರ ಹೇಳಾಕತ್ರ ಒಂದ ಪ್ರಶ್ನೆ ಮನಸ್ಸಿನ್ಯಾಗ ಇಟಗೊಂಡ ಕೇಳ್ತೀನಿ: ಈ ಅರ್ಥದ ಖರ್ಚು ಯಾರ ಮ್ಯಾಲೆ ಬೀಳತೈತಿ? ಹೇಳೋ ಮನುಷ್ಯಾ ತಾನು ಏನರೆ ಕೊಡಬೇಕಾಗ್ತೈತೋ, ಇಲ್ಲಾ ಎದರಿಗೆ ಕೂತ ಬಡವ್ರು, ಸೊಸಿ, ಆಳಮಗ ಕೊಡಬೇಕಾಗ್ತೈತೋ? ಭರತನ ಕಥಿ ಹೇಳಿ ತನ್ನ ಪಾಲ ಬಿಟ್ಟಾಂವನ ಓದಿನ ಮ್ಯಾಲೆ ನನಗ ನಂಬಿಕಿ ಬರ್ತೈತಿ. ಭರತನ ಕಥಿ ಹೇಳಿ ತಂಗಿ ಪಾಲ ಬಿಡಿಸಿದ್ರ ಅವ್ರು ಎಷ್ಟ ಶ್ಲೋಕ ಹೇಳಿದ್ರೂ ಬರಂಗಿಲ್ಲ.

ಬರೇ ಅರ್ಥ ತಿರುಗಿಸೋದು ಅಷ್ಟ ಅಲ್ಲ, ಇಲ್ಲದ್ದನ್ನ ಸೇರಿಸೋದೂ ಐತಿ. ದುರ್ಯೋಧನ ಮಯಸಭಾದಾಗ ನೀರಾಗ ಬಿದ್ದಾಗ ದ್ರೌಪದಿ "ಕುರುಡನ ಮಗ ಕುರುಡ" ಅಂದ್ಳು ಅಂತ ನಮ್ಮಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಪುಣೆದ ಭಂಡಾರಕರ್ ಸಂಸ್ಥೆಯವ್ರು 1919ರಿಂದ 1966ರ ತನಕ ದೇಶದ ಮೂಲಿಮೂಲಿಯಿಂದ ಹಸ್ತಪ್ರತಿ ತರಿಸಿ ತಾಳೆ ನೋಡಿ ಮಹಾಭಾರತದ ಪಾಠ ಸಿದ್ಧ ಮಾಡ್ಯಾರ, ಅದರಾಗ ದ್ರೌಪದಿ ಬಾಯಾಗ ಆ ಮಾತ ಇಲ್ಲ. ಅಲ್ಲಿ ನಕ್ಕಾಂವ ಭೀಮ, ನಕ್ಕಾಂವ ಅರ್ಜುನ, ನಕುಲ ಸಹದೇವರು ನಕ್ರು, ಆಳುಮಕ್ಕಳು ನಕ್ರು. ಮುಂದ ದುರ್ಯೋಧನ ಅಪ್ಪನ ಮುಂದ ದೂರ ಹೇಳೋವಾಗ ದ್ರೌಪದಿನೂ ಹೆಂಗಸರ ಕೂಡ ನಕ್ಕಳು ಅಂತಾನ, ಅಷ್ಟ. ಆದ್ರೂ ಆ ಮಾತ ಆಕಿ ಬಾಯಾಗ ಬಂತು. ಸೀತಾನ ಸುತ್ತ ಲಕ್ಷ್ಮಣ ಗೆರಿ ಕೊರದಿದ್ದೂ ಹಂಗ, ವಾಲ್ಮೀಕಿ ರಾಮಾಯಣದಾಗ ಆ ಗೆರಿ ಇಲ್ಲ. ಇವೆರಡೂ ಎಲ್ಲಿ ಸೇರಿಕೊಂಡ್ವು ನೋಡ್ರಿ. ಒಬ್ಬ ಹೆಣ್ಣಮಗಳಿಗೆ ದೊಡ್ಡ ಅನ್ಯಾಯ ಆಗೋ ಜಾಗಾಕ್ಕ ಸ್ವಲ್ಪ ಮೊದ್ಲ, ಆಕಿದೂ ಒಂದ ತಪ್ಪಿತ್ತು ಅಂತ ಹೇಳಾಕ ಬರೋಹಂಗ. ಕಥಿ ಹೇಳೋರೆಲ್ಲಾ ಬೇಕಂತ ಮಾಡಿದ್ರು ಅಂತ ನಾ ಹೇಳವಲ್ಲೆ, ಕಥಿ ಬೆಳೀತೈತಿ, ಬೆಳೆಯೋದು ಅದರ ಗುಣ. ಆದ್ರ ಕೇಳೋರಿಗೆ ಆ ಸಾಲು ಹಿತ ಆತು, ಅದಕ್ಕ ಬಾಯಿಂದ ಬಾಯಿಗೆ ಉಳೀತು. ಮಾಡಲಾರದ ತಪ್ಪು ಯಾಕ ಅಷ್ಟ ಹಿತ ಆತು ಅನ್ನೋದನ್ನ ವಿಚಾರ ಮಾಡ್ಬೇಕಲ್ಲ.

ಅದಕ್ಕ ಪಾಠ ಸರಿಯಾಗಿ ನೋಡೋರ ಕೆಲಸ ಭಾಳ ದೊಡ್ಡದು. ಒಳ್ಳೇ ಮನಸ್ಸು ಇದ್ರ ಸಾಕು, ಪಂಡಿತರು ಬ್ಯಾಡ ಅನ್ನೋರ ಮಾತ ನಾ ಒಪ್ಪಂಗಿಲ್ಲ. ಪುಸ್ತಕದಾಗ ಏನೈತಿ ಏನಿಲ್ಲ ಅಂತ ಹೇಳೋರು ಇಲ್ಲಾಂದ್ರ ನಮ್ಮ ಹಿತದ ಮಾತೇ ವ್ಯಾಸರ ಮಾತ ಆಗಿಬಿಡ್ತೈತಿ.

ಛಾಂದೋಗ್ಯ ಉಪನಿಷತ್ತಿನ ಎಂಟನೇ ಅಧ್ಯಾಯದಾಗ ಇದರ ಬಗ್ಗೆನೇ ಒಂದ ಕಥಿ ಐತಿ, ಅಲ್ಲೂ ವಿರೋಚನ ಬರ್ತಾನ. ದೇವತೆಗಳ ಪೈಕಿ ಇಂದ್ರ, ಅಸುರರ ಪೈಕಿ ವಿರೋಚನ, ಇಬ್ಬರೂ ಆತ್ಮ ಅಂದ್ರೇನು ತಿಳಕೊಳ್ಳಾಕ ಪ್ರಜಾಪತಿ ಕಡೆ ಹೋಗಿ 32 ವರ್ಷ ಬ್ರಹ್ಮಚರ್ಯದಾಗ ಇರ್ತಾರ. ಪ್ರಜಾಪತಿ ನೀರಿನ ಪಾತ್ರ್ಯಾಗ ನೋಡ್ಕೊಳ್ರಿ ಅಂತಾನ, ಛಂದ ಅರಿವಿ ಹಾಕ್ಕೊಂಡು ಅಲಂಕಾರ ಮಾಡ್ಕೊಂಡು ಮತ್ತೊಮ್ಮೆ ನೋಡ್ಕೊಳ್ರಿ ಅಂತಾನ, ಅದೇ ಆತ್ಮ ಅಂತಾನ. ಇಬ್ಬರೂ ಸಮಾಧಾನದಿಂದ ಹೊಂಟ್ರು. ವಿರೋಚನ ಸೀದಾ ಅಸುರರ ಕಡೆ ಹೋಗಿ ಈ ದೇಹಾನೇ ಆತ್ಮ, ಇದನ್ನೇ ಪೂಜಾ ಮಾಡ್ರಿ ಅಂತ ಉಪದೇಶ ಮಾಡಿದ. ಇಂದ್ರಗ ಹಾದ್ಯಾಗ ಅನುಮಾನ ಬಂತು. ದೇಹಕ್ಕ ಅಲಂಕಾರ ಮಾಡಿದ್ರ ಇದಕ್ಕೂ ಅಲಂಕಾರ ಆಗ್ತೈತಿ ಅಂದ್ರ, ದೇಹ ಕುರುಡಾದ್ರ ಇದೂ ಕುರುಡ, ದೇಹ ಸತ್ರ ಇದೂ ಸತ್ತಂಗ, ಇದರಾಗ ನನಗ ಹಿತ ಕಾಣವಲ್ದು ಅಂತ ತಿರುಗಿ ಬಂದ. ಮತ್ತ 32 ವರ್ಷ, ಮತ್ತ 32, ಆಮ್ಯಾಲೆ 5, ಒಟ್ಟ 101 ವರ್ಷ ಕೂತ.

ಇಬ್ಬರಿಗೂ ಗುರು ಒಬ್ಬಾಂವ, ಮೊದ್ಲ ಕೇಳಿದ ಮಾತ ಒಂದ, ಅಲ್ಲೀತನಕ ಸೇವಾ ಮಾಡಿದ ವರ್ಷನೂ ಅಷ್ಟ. ಇಂದ್ರ ಏನ ದೊಡ್ಡ ಸಜ್ಜನ ಅಲ್ಲ, ಪುರಾಣದಾಗ ಅಂವಂದು ಎಷ್ಟ ಹಗರಣ ಅದಾವ ಎಲ್ಲಾರಿಗೂ ಗೊತ್ತೈತಿ. ಆದ್ರ ತನಗ ಹಿತ ಅನಿಸಿದ ಅರ್ಥವನ್ನ ಅನುಮಾನದಿಂದ ನೋಡೋ ಒಂದ ಗುಣ ಅಂವಂಗಿತ್ತು, ಹಾದಿ ನಡುವ ನಿಂತು ತಿರುಗಿ ಹೋಗಿ ನನಗ ತಿಳೀಲಿಲ್ಲ ಅಂತ ಹೇಳೋ ಧೈರ್ಯ ಇತ್ತು. ನೀತಿವಂತ ಓದುಗ ಅಂದ್ರ ನನಗ ಇಂಥಾಂವ. ಜೀವನದಾಗ ಎಂದೂ ಎಡವಲಾರದಾಂವ ಅಂತ ಅಲ್ಲ. ಮತ್ತ ವಿರೋಚನಗ ಅವಸರ ಇತ್ತು, ಕೇಳಿದ್ದನ್ನ ತಗೊಂಡ ಹೋಗಿ ಇನ್ನೊಬ್ಬರಿಗೆ ಹೇಳೋ ಅವಸರ. ಈಗ ಮೊಬೈಲಿನ್ಯಾಗ ಬರೋ ಎರಡ ನಿಮಿಷದ ಪ್ರವಚನದ ವಿಡಿಯೋ ಪೂರ್ತಿ ಕೇಳೋ ಮೊದ್ಲ ಫಾರ್ವರ್ಡ್ ಮಾಡೋದನ್ನ ನೋಡಿದಾಗೆಲ್ಲಾ ನನಗ ಅಂವ ನೆನಪಾಗ್ತಾನ.

ಇದು ಬರೇ ನಮ್ಮ ಪುರಾಣದ ಮಾತಲ್ಲ. ಧಾರವಾಡಕ್ಕ 1837ರಾಗ ಬಾಸೆಲ್ ಮಿಶನ್‌ದವ್ರು ಬಂದ್ರು, ಅವರ ಸಾಲಿಯೊಳಗ ಕಲ್ತವ್ರು ನಮ್ಮ ಕಡೆ ಎಲ್ಲಾ ಜಾತಿಯೊಳಗೂ ಅದಾರ, ಅಂಥವರ ಬಾಯಿಂದನ ನಾ ದಾವೀದನ ಕಥಿ ಕೇಳಿದ್ದು. ದಾವೀದ ರಾಜ ತನ್ನ ಸೈನಿಕ ಊರೀಯನ ಹೆಂಡ್ತಿ ಬತ್ಷೆಬೆನ ಕರಿಸ್ಕೊಂಡ, ಆಮ್ಯಾಲೆ ಊರೀಯನ್ನ ಯುದ್ಧದಾಗ ಮುಂದ ನಿಲ್ಲಿಸಿ ಸಾಯೋಹಂಗ ಮಾಡಿದ. ಪ್ರವಾದಿ ನಾತಾನ ಬಂದು ಒಂದ ಕಥಿ ಹೇಳ್ತಾನ: ಒಬ್ಬ ಸಾವುಕಾರ, ಅಂವಗ ಕುರಿ ದನ ಬೇಕಾದಷ್ಟ, ಒಬ್ಬ ಬಡವಗ ಒಂದೇ ಒಂದ ಹೆಣ್ಣ ಕುರಿಮರಿ, ಮಗಳಂಗ ಸಾಕಿದ್ದು. ಮನಿಗೆ ಬೀಗರು ಬಂದಾಗ ಸಾವುಕಾರ ಬಡವನ ಮರಿ ಹಿಡಕೊಂಡ ಬಂದು ಅಡಿಗಿ ಮಾಡಿಸಿದ. ದಾವೀದಗ ತಡೀಲಾರದ ಸಿಟ್ಟ ಬಂತು, ಅಂವ ಸಾಯಬೇಕು, ನಾಕ ಪಟ್ಟ ತಿರುಗಿ ಕೊಡಬೇಕು ಅಂದ. ನಾತಾನ ಅಂದ, ಆ ಮನುಷ್ಯಾ ನೀನೇ.

ಹಸ್ತಿನಾವತಿ ಸಭಾ ಒಂದ, ಈ ಸಭಾ ಒಂದ. ಎರಡೂ ಕಡೆ ಹೆಣ್ಣಿನ ಮ್ಯಾಲೆ ಅಧಿಕಾರದ ಅನ್ಯಾಯ, ಎರಡೂ ಕಡೆ ರಾಜನ ಮುಂದ ಒಬ್ಬಾಂವ ಕಥಿ ಹೇಳ್ತಾನ. ದಾವೀದ ಮಾಡಿದ್ದು ಸಣ್ಣ ಪಾಪ ಅಲ್ಲ, ಕೊಲಿ. ಆದ್ರ ಬಡವನ ಕುರಿಮರಿ ಸಲುವಾಗಿ ಸಿಟ್ಟ ಬರೋ ಜಾಗ ಅಂವನೊಳಗ ಇನ್ನೂ ಜೀವಂತ ಇತ್ತು, ನಾತಾನಗ ಅದು ಗೊತ್ತಿತ್ತು, ಆ ಬಾಗ್ಲಾದಿಂದನ ಒಳಗ ಹೋದ. ನೀನೇ ಅಂದಾಗ ದಾವೀದ ನಾತಾನನ್ನ ಕೊಲ್ಲಿಸಬಹುದಿತ್ತು, ನಾ ಪಾಪ ಮಾಡೇನಿ ಅಂದ. ಕುರುಸಭಾದಾಗ ಅಂಥಾ ಸಿಟ್ಟ ಇತ್ತು, ವಿಕರ್ಣಗಿತ್ತು, ಭೀಮಗಿತ್ತು, ಗದ್ದುಗಿ ಮ್ಯಾಲೆ ಕೂತವರಿಗೆ ಇರ್ಲಿಲ್ಲ. ಹುಬ್ಬಳ್ಳ್ಯಾಗ ನನ್ನ ಗೆಳ್ಯಾ ಒಬ್ಬಾಂವ ಕುರಾನಿನ ಎರಡನೇ ಅಧ್ಯಾಯದ 26, 27ನೇ ಮಾತ ತೋರಿಸಿದ್ದ, ದೇವರು ಸೊಳ್ಳೆದ್ದಾಗ್ಲಿ ಅದಕಿಂತ ಸಣ್ಣದರದ್ದಾಗ್ಲಿ ಉದಾಹರಣಿ ಕೊಡಾಕ ಸಂಕೋಚ ಪಡಂಗಿಲ್ಲ, ಅದೇ ಉದಾಹರಣಿಯಿಂದ ಭಾಳ ಮಂದಿ ಹಾದಿ ತಪ್ತಾರ, ಭಾಳ ಮಂದಿ ಹಾದಿ ಹಿಡೀತಾರ, ತಪ್ಪೋರು ಮಾತ ಮುರದವ್ರು ಅಂತ. ಎಷ್ಟ ದೂರದ ಊರು, ಎಷ್ಟ ಬ್ಯಾರೆ ಭಾಷಾ, ಆದ್ರೂ ಧರ್ಮಗ್ರಂಥಗಳು ತಮ್ಮನ್ನ ಹೆಂಗ ಓದ್ತಾರ ಅನ್ನೋದರ ಬಗ್ಗೆ ಇಷ್ಟ ಎಚ್ಚರ ಅದಾವ.

ಇನ್ನ ಕೆಲವು ಕಥಿ ಕೇಳೋರನ್ನ ಅಳ್ಳಾಡಿಸಿಬಿಡ್ತಾವ. ನಮ್ಮವ್ವ ಶ್ರಾವಣದಾಗ ಮಠದ ಪುರಾಣಕ್ಕ ತಪ್ಪಲಾರದ ಹೋಗ್ತಿದ್ಳು, ಸಿರಿಯಾಳನ ಕಥಿ ಬರೋ ದಿವಸ ಮಾತ್ರ ಆಕಿ ಮನಿಗೆ ಬಂದ್ಮ್ಯಾಲೂ ಊಟಾ ಮಾಡ್ತಿರ್ಲಿಲ್ಲ. ಶಿವ ಜಂಗಮನ ವೇಷದಾಗ ಬಂದು ಮಗನ ಮಾಂಸದ ಅಡಿಗಿ ಬೇಕಂತಾನ, ಸಿರಿಯಾಳ ಚಂಗಳೆ ಇಬ್ಬರೂ ಮಗ ಚೀಲಾಳನ್ನ ಕೊಟ್ಟು ಅಡಿಗಿ ಮಾಡ್ತಾರ, ಕಡೀಗೆ ಶಿವ ಮಗನ್ನ ತಿರುಗಿ ಕೊಡ್ತಾನ. ಪುರಾಣ ಹೇಳೋರು ಭಕ್ತಿ ಅಂದ್ರ ಹಿಂಗಿರ್ಬೇಕು ಅಂತಿದ್ರು, ಗಂಡಸರು ತಲಿ ಹಾಕ್ತಿದ್ರು. ಅವ್ವ ಚಂಗಳೆ ಅಡಿಗಿ ಮನ್ಯಾಗ ನಿಂತಿದ್ದನ್ನ ಬಿಟ್ಟು ಮುಂದ ಹೋಗ್ತಿದ್ದಿಲ್ಲ. ಶಿವಗ ಮನಸ್ಸ ನೋಡಾಕ ಬ್ಯಾರೆ ಏನೂ ಸಿಗ್ಲಿಲ್ಲೇನು ಅಂತ ಕೇಳ್ತಿದ್ಳು, ಕೇಳಿ ಮರುದಿವಸ ಮುಂಜಾನೆ ಅದೇ ಶಿವಗ ಪತ್ರಿ ಏರಿಸ್ತಿದ್ಳು. ಎರಡೂ ಖರೆ ಇದ್ವು ಆಕಿಗೆ. ಆಕಿ ಒಂದ ಕೂಸು ಕಳಕೊಂಡಾಕಿ. ದೇವರ ಮ್ಯಾಲೆ ಪ್ರಶ್ನೆ ಇಟಗೊಂಡೇ ದೇವರನ್ನ ಪೂಜಿಸೋದು ಹೆಂಗ ಅಂತ ನನಗ ಯಾವ ಪ್ರವಚನಾನೂ ಕಲಿಸಿಲ್ಲ.

ಓದೋ ಮನುಷ್ಯಾ ಕವಿನೂ ಆಗಿದ್ರ ಏನಾಗ್ತೈತಿ ಅನ್ನೋದಕ್ಕ ಹಾವೇರಿ ಕಡೆ ಬಾಡದ ಕನಕದಾಸರು ಅದಾರ. ರಾಮಾಯಣ ಎಲ್ಲಾರೂ ಕೇಳಿದ್ದೇ, ಆದ್ರ ಲಂಕಾದಿಂದ ತಿರುಗಿ ಬರೋ ರಾಮನ ಮುಂದ ನೆಲ್ಲು ಮತ್ತ ನರೆದಲೆಗ ಅಂದ್ರ ರಾಗಿ, ಎರಡೂ ನಿಂತು ನಾ ಹೆಚ್ಚು ನೀ ಹೆಚ್ಚು ಅಂತ ಜಗಳಾ ಮಾಡೋದನ್ನ ಕನಕರೇ ನೋಡಿದ್ದು. ರಾಮ ಎರಡನ್ನೂ ಆರ ತಿಂಗಳು ಸೆರಿಯೊಳಗ ಹಾಕಸ್ತಾನ, ನೆಲ್ಲು ಕೆಡ್ತೈತಿ, ರಾಗಿ ಕೆಡಂಗಿಲ್ಲ, ಬಡವರ ಕಾಳಿಗೆ ರಾಮ ತನ್ನ ಹೆಸರ ಕೊಡ್ತಾನ. (ನಮ್ಮ ಕಡೆ ಇದನ್ನ ಕೇಳ್ದವ್ರು ಮನಸ್ಸಿನ್ಯಾಗ ರಾಗಿ ಜಾಗಾದಾಗ ಬಿಳಿಜೋಳ ಇಟಗೊಂಡ ಕೇಳ್ತಾರ, ಅದರಾಗ ತಪ್ಪೇನಿಲ್ಲ.) ಕುಲದ ಹೆಸರ್ಲೆ ತಾ ಅನುಭವಿಸಿದ್ದನ್ನ ಕನಕರು ಇನ್ನೊಬ್ಬರ ಮ್ಯಾಲೆ ತೀರಿಸ್ಕೊಳ್ಳಲಿಲ್ಲ, ಹಸಿದವರ ಕಾಳಿನ ಕಡೆ ರಾಮನ ಮುಖ ತಿರುಗಿಸಿದ್ರು. ವಿದುರನ ಸಾಲಿನವ್ರು ಅವ್ರು.

ಆದ್ರ ಸರಿಯಾದ ಓದೇ ಎಲ್ಲಾ ಅಂತ ಹೇಳಾಕ ಹೊಂಟ್ರ ವಿಕರ್ಣ ಅಡ್ಡ ಬರ್ತಾನ. ಎಲ್ಲಾರೂ ಸುಮ್ಮನಿದ್ದಾಗ ಎದ್ದಾಂವ, ಅಣ್ಣನ ಎದರಿಗೆ ಅಣ್ಣಂದು ತಪ್ಪು ಅಂದಾಂವ, ಕರ್ಣನ ಕಡಿಂದ ನೀ ಹುಡುಗ ಸುಮ್ಮನಿರು ಅಂತ ಬೈಸಿಕೊಂಡಾಂವ. ಅಂವನ ಓದು ಆ ಸಭಾದಾಗ ಎಲ್ಲಾರಕಿಂತ ಸರಿ ಇತ್ತು. ಯುದ್ಧ ಬಂದಾಗ ಅಂವ ಅಣ್ಣನ ಕಡೆನೇ ನಿಂತ. ಹದಿನಾಲ್ಕನೇ ದಿವಸ ಭೀಮನ ಕೈಯಾಗ ಸತ್ತ, ಭೀಮ ಧೃತರಾಷ್ಟ್ರನ ನೂರೂ ಮಕ್ಕಳನ್ನ ಕೊಲ್ತೀನಿ ಅಂತ ಆಣಿ ಮಾಡಿದ್ನಲ್ಲ, ಆ ಆಣಿ ಸಲುವಾಗಿ ಕೊಂದು, ಕೊಂದಮ್ಯಾಲೆ ಅಂವಗಾಗಿ ದುಃಖ ಪಟ್ಟ. ತಮ್ಮ ಆದಾಂವ ಮನಿತನ ಬಿಟ್ಟು ಎಲ್ಲಿಗೆ ಹೋಗ್ಬೇಕಿತ್ತು ಅಂತ ಕೆಲವ್ರು ಕೇಳ್ತಾರ. ಆದ್ರ ಯುಯುತ್ಸು ಹೋದನಲ್ಲ, ಅವನೂ ಧೃತರಾಷ್ಟ್ರನ ಮಗನ, ಯುದ್ಧ ಶುರು ಆಗೋ ಮೊದ್ಲ ಧರ್ಮರಾಯ ಕರದಾಗ ದಾಟಿ ಆ ಕಡೆ ಬಂದ, ಬದುಕಿ ಉಳದ. ಅಂವನ ತಾಯಿನೂ ಗಾಂಧಾರಿ ಅಲ್ಲ, ಗಾಂಧಾರಿ ಬಸರಿದ್ದಾಗ ಧೃತರಾಷ್ಟ್ರನ ಸೇವಾಕ್ಕ ಇದ್ದ ಹೆಣ್ಣಮಗಳು. ಸಭಾದಾಗ ಯುಯುತ್ಸು ಮಾತಾಡಿದ್ದು ಎಲ್ಲೂ ದೊಡ್ಡದಾಗಿ ಬಂದಿಲ್ಲ. ಮಾತಾಡಿದ ವಿಕರ್ಣ ದಾಟಲಿಲ್ಲ, ದಾಟಿದ ಯುಯುತ್ಸುನ ಮಾತ ನಮಗ ಸಿಗಂಗಿಲ್ಲ. ನಾನಂತೂ ಓದೋವಾಗ ವಿಕರ್ಣನ ಭಾಷಣ ಮುಗಿದ ಕೂಡ್ಲೆ ಯುಯುತ್ಸು ದಾಟೋ ಜಾಗಾನೂ ತಗದು, ಎರಡನ್ನೂ ಒಟ್ಟಿಗೆ ಓದ್ತೀನಿ.